ಬೆಂಚಿನ ಕೊನೆಯ ಜಾಗ

ನಮ್ಮೂರಿನ ಗಂಡಸರು ಆನೆಗೆ ಹೆದರುವವರಲ್ಲ, ಚಿರತೆಗೂ ಹೆದರುವವರಲ್ಲ. ಅವರಿಗೆ ಹೆದರಿಕೆಯೇನಿದ್ದರೂ ಪವಿತ್ರ ಗುರುವಾರದ ಬೆಂಚಿನ ಕೊನೆಯ ಜಾಗದ್ದು. ಗುಡ್ ಫ್ರೈಡೆಯ ಹಿಂದಿನ ಆ ಸಂಜೆ ಚರ್ಚಿನಲ್ಲಿ ಪಾದ್ರಿ ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ಹಾಗೆ. ಕೊನೆಯಲ್ಲಿ ಕೂತವನು ಗುರುವನ್ನೇ ದುಡ್ಡಿಗೆ ಮಾರಿದ ದ್ರೋಹಿ ಯೂದ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಊರು ಅವನನ್ನು ವರ್ಷವಿಡೀ ಯೂದ ಎಂದೇ ಕರೆಯುತ್ತದೆ. ಚಿನ್ನಪ್ಪ ಕೂತಿದ್ದ ವರ್ಷ ಅವನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಆ ಹೆಸರು ಕೇಳಿ, ಕಾಫಿ ಕುಡಿದು ಎದ್ದು ಹೋದರು.

ಕಾಲು ತೊಳೆಯಲು ಬಿಸಿನೀರು ಕೊಡುವುದು ನಮ್ಮ ಮನೆಯ ಹಕ್ಕು. ಅವ್ವ ಕೊಡುತ್ತಿದ್ದಳು, ಅವಳು ಹೋದ ಮೇಲೆ ನಾನು. ನಿಜ ಹೇಳಬೇಕೆಂದರೆ ಅಲ್ಲಿ ತೊಳೆಯುವುದಕ್ಕೆ ಏನೂ ಇರುವುದಿಲ್ಲ. ಈ ಮಹಾಶಯರು ಮಧ್ಯಾಹ್ನವೇ ಬಾವಿಯ ಹತ್ತಿರ ಕೂತು, ಇಟ್ಟಿಗೆ ಚೂರಿನಲ್ಲಿ ಹಿಮ್ಮಡಿ ಉಜ್ಜಿ, ಹರಳೆಣ್ಣೆ ಸವರಿಕೊಂಡು, ಹೊಸ ಮದುವಣಗಿತ್ತಿಯರ ಹಾಗೆ ಹೆಜ್ಜೆ ಇಡುತ್ತಾ ಬರುತ್ತಾರೆ.

ಎಪ್ಪತ್ತೊಂದನೆಯ ಇಸವಿಯಲ್ಲಿ, ಆ ಗುರುವಾರಕ್ಕೆ ಸ್ವಲ್ಪ ಮುಂಚೆ, ನನ್ನ ತಮ್ಮ ಇನ್ನಾಸಿ ಊರಿಗೆ ಬಂದ. ಅವ್ವನ ಜೋಡಿ ಎತ್ತಿಗೆ ಲಾಳ ಕಟ್ಟಿಸಿಕೊಂಡು ಬರುತ್ತೇನೆಂದು ಹನೂರಿಗೆ ಹೊಡೆದುಕೊಂಡು ಹೋಗಿ, ಎರಡನ್ನೂ ಮಾರಿ ನೀಲಗಿರಿಯ ಎಸ್ಟೇಟಿಗೆ ಓಡಿಹೋದವನು ಇವನೇ. ಎತ್ತು ಹೋದರೆ ಹೋಗಲಿ. ಅವ್ವ ಸಾಯುವಾಗ ಬಾಗಿಲ ಕಡೆ ನೋಡಿಕೊಂಡು ಅವನನ್ನೇ ಕೇಳಿದಳಲ್ಲ, ಅದನ್ನು ನಾನು ಹೇಗೆ ಮರೆಯಲಿ? ಮೂರು ಹಿಡಿ ಮಣ್ಣು ಹಾಕುವುದಕ್ಕೂ ಬರದವನು ಈಗ ಅಂಗಳದಲ್ಲಿ ನಿಂತು 'ಅಕ್ಕ' ಎಂದ. ಮುಖದ ಮೇಲೆ ಬಾಗಿಲು ಹಾಕಿಕೊಂಡೆ.

ಅವನು ಎದುರುಮನೆ ಗುರುಬಸಮ್ಮನ ಜಗಲಿಯಲ್ಲಿ ಬಿದ್ದುಕೊಂಡ. ಅವಳೇ ಹಿಟ್ಟು ಸಾರು ಹಾಕಿದಳು. ಲಿಂಗ ಕಟ್ಟಿದವಳು, ನಮ್ಮ ಮನೆಯ ಉಸಾಬರಿ ಅವಳಿಗೇಕೆ ಹೇಳಿ! ಸಾಲದ್ದಕ್ಕೆ ನೀರು ಸೇದುವಾಗ ನನ್ನನ್ನೇ ಕೇಳಿದಳು.

"ಒಡಹುಟ್ಟಿದೋನ್ಗೆ ಇಟ್ಟು ಆಕ್ಬ್ಯಾಡ ಅಂತ ನಿಮ್ ಯೇಸಪ್ಪ ಏಳವ್ನಾ, ಜ್ಞಾನಮ್ಮ?"

ನಿನ್ನ ಬಿಂದಿಗೆ ನೀನು ನೋಡಿಕೋ ಎಂದು ನನ್ನದನ್ನು ಎತ್ತಿಕೊಂಡು ಬಂದೆ. ಆ ಮಾತು ಮಾತ್ರ ಬೆನ್ನು ಬಿಡದೆ ಮನೆಯ ತನಕ ಬಂತು.

ಗುರುವಾರ ಸಂಜೆ ಬೆಂಚಿನಲ್ಲಿ ಹನ್ನೊಂದು ಜನ ಕೂತರು. ಕೊನೆಯ ಜಾಗ ಖಾಲಿ. ನಮಗೆಲ್ಲ ಜಪ ಕಲಿಸಿದ ಉಪದೇಶಿ ರಾಯಪ್ಪನವರು ಒಬ್ಬೊಬ್ಬರ ಹತ್ತಿರ ಹೋಗಿ ಗೋಗರೆದರು. ಒಬ್ಬನಿಗೆ ಹೊಟ್ಟೆನೋವು ಬಂತು, ಇನ್ನೊಬ್ಬನ ಹಸು ಆಗಲೇ ಈಯುವುದಕ್ಕೆ ಹೊರಟಿತು, ಮತ್ತೊಬ್ಬ ಕಂಬದ ಹಿಂದೆ ಮಂಡಿಯೂರಿ ಇದ್ದಕ್ಕಿದ್ದಂತೆ ಮಹಾಭಕ್ತನಾದ. ಹನ್ನೆರಡಾಗದೆ ಶುರು ಮಾಡುವುದಿಲ್ಲ ಎಂದು ಸ್ವಾಮಿಗಳು ಸೊಂಟಕ್ಕೆ ಟವಲು ಕಟ್ಟಿಕೊಂಡು ನಿಂತೇ ಇದ್ದರು. ನನ್ನ ನೀರು ಆರುತ್ತಿತ್ತು.

ಆಗ ಹಿಂದಿನ ಬಾಗಿಲ ಹತ್ತಿರದಿಂದ ಇನ್ನಾಸಿ ಎದ್ದು ಬಂದ. ಕಾಲಿನ ತುಂಬ ಕೆಮ್ಮಣ್ಣು.

"ನಾ ಕೂತ್ಕತೀನಿ ಬುಡಿ, ಉಪದೇಶಿಗಳೇ," ಎಂದ. "ಇದು ನಂದೇ ಜಾಗ."

ಯಾರೂ ನಗಲಿಲ್ಲ. ಯೂದನ ಹೆಸರು ತನ್ನನ್ನು ಬಿಟ್ಟಿತೆಂದು, ಹೋದ ವರ್ಷ ಕೂತಿದ್ದ ಚಿನ್ನಪ್ಪನೊಬ್ಬ ಮಾತ್ರ ನೆಮ್ಮದಿಯ ಉಸಿರು ಬಿಟ್ಟ.

ಸ್ವಾಮಿಗಳು ಒಂದು ಕಡೆಯಿಂದ ತೊಳೆಯುತ್ತಾ ಬಂದರು, ಹನ್ನೊಂದು ಜನರ ಹರಳೆಣ್ಣೆ ಅವರ ಕೈಗೆ ಮೆತ್ತಿತು. ಇನ್ನಾಸಿಯ ಮುಂದೆ ಮಂಡಿಯೂರುವ ಹೊತ್ತಿಗೆ ಚೊಂಬು ಖಾಲಿ. ನೀರಿಗಾಗಿ ನನ್ನ ಕಡೆ ಕೈ ಚಾಚಿದರು. ನಾನು ಬಿಂದಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಅವ್ನಿಗೆ ಅಂತ ನಾ ನೀರ್ ಕಾಯಿಸ್ಲಿಲ್ಲ, ಸಾಮಿ."

ಅಂದುಬಿಟ್ಟೆ, ತುಂಬಿದ ಚರ್ಚಿನಲ್ಲಿ. ರಾಯಪ್ಪನವರು ಶಿಲುಬೆ ಗುರುತು ಹಾಕಿಕೊಂಡರು. ಸ್ವಾಮಿಗಳು ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು: "ಯೂದ ಗುರುವನ್ನೇ ಮಾರೋದಕ್ಕೆ ಹೊರಟಿದ್ದ. ಅವನ ಕಾಲನ್ನೂ ಯೇಸುಸ್ವಾಮಿ ತೊಳೆದರು. ಇವನು ಎತ್ತು ಮಾರಿ, ತಿರುಗಿ ಬಂದಿದ್ದಾನೆ ಕಣಮ್ಮ."

ನಾನು ಇನ್ನಾಸಿಯ ಮುಖ ನೋಡಬಾರದೆಂದು ಕಾಲು ನೋಡಿದೆ. ಅದೇ ತಪ್ಪಾಯಿತು. ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ. ಚಿಕ್ಕಂದಿನಲ್ಲಿ ಗುಂಡುಕಲ್ಲು ಬಿದ್ದು ಕಿತ್ತುಹೋದದ್ದು. ಅರಿಶಿನ ಹಚ್ಚಿ ಬಟ್ಟೆ ಸುತ್ತಿ, ವಾಸಿಯಾಗುವ ತನಕ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಹಾಳಾದ್ದು, ಅಷ್ಟೆಲ್ಲ ಸಿಟ್ಟಿನ ಅಡಿಯಲ್ಲಿ ಪ್ರೀತಿ ಹಾಗೇ ಕೂತಿತ್ತು. ಕಣ್ಣು ಮಂಜಾಗಿ, ನೀರನ್ನು ಅರ್ಧ ಅವನ ಕಾಲಿಗೆ, ಅರ್ಧ ಸ್ವಾಮಿಗಳ ನಿಲುವಂಗಿಗೆ ಸುರಿದೆ. ಕಾಲಡಿಯ ತಟ್ಟೆಯ ನೀರೆಲ್ಲ ಕೆಮ್ಮಣ್ಣಿಗೆ ಕೆಂಪಾಯಿತು. ಅಂತೂ ನಮ್ಮ ಮನೆಯ ನೀರಿಗೆ ಕೊನೆಗೊಮ್ಮೆ ಕೆಲಸ ಸಿಕ್ಕಿತು.

ಪೂಜೆ ಮುಗಿದ ಮೇಲೆ ಅವನು ತಲೆ ತಗ್ಗಿಸಿಕೊಂಡು ಗುರುಬಸಮ್ಮನ ಜಗಲಿಯ ಕಡೆಗೇ ಹೊರಟ. ಕಾಲು ತೊಳೆಸಿಕೊಂಡು ಮತ್ತೆ ಕಂಡವರ ಜಗಲಿಗೇಕೆ ಎಂದು ಗದರಿಸಿ, ತೋಳು ಹಿಡಿದು ಎಳೆದುಕೊಂಡು ಬಂದೆ. ಹೊಸ್ತಿಲ ಹತ್ತಿರ ನಿಂತುಬಿಟ್ಟ. ಒಳಗೆ ಅವ್ವ ಮಲಗುತ್ತಿದ್ದ ಚಾಪೆ ಸುತ್ತಿಟ್ಟಿತ್ತು. ಅವ್ವ ತನಗೆ ಎಷ್ಟು ಶಾಪ ಹಾಕಿ ಹೋದಳೆಂದು ಕೇಳಿದ.

"ಎತ್ತಿನ ಮಾತೇ ಎತ್ತಲಿಲ್ಲ ಕಣ್ಲಾ," ಎಂದೆ. "ಇನ್ನಾಸಿ ಉಂಡ್ನಾ ಅಂತ ಕೇಳುದ್ಲು. ನಂಗೆ ಜವಾಬ್ ಗೊತ್ತಿರ್ನಿಲ್ಲ."

ಅವನು ಅಳುತ್ತಲೇ ಉಂಡ. ಎದುರು ಜಗಲಿಯಿಂದ ಗುರುಬಸಮ್ಮ ಕತ್ತು ಚಾಚಿ ನೋಡುತ್ತಿದ್ದಳು. ಚೆನ್ನಾಗಿ ನೋಡಲಿ ಎಂದು ನಾನು ಬಾಗಿಲು ಹಾಕಲಿಲ್ಲ.