ಹಿತ್ತಲಿನ ಸಣ್ಣ ವೃತ್ತ

ನನಗೆ ಸೊಟ್ಟಪಟ್ಟ ಕಂಡರೆ ಆಗುವುದಿಲ್ಲ. ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಎಂಟು ವರ್ಷವಾಯಿತು. ಗೋಡೆಯ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೂ ಎದ್ದು ಹೋಗಿ ಸರಿ ಮಾಡಿ ಬಂದ ಮೇಲೆಯೇ ನನಗೆ ಕೆಲಸ ಸಾಗುವುದು. ‘ಶಿವಪುತ್ರನ ತಲಿಯಾಗ ಸ್ಕೇಲ್ ಐತಿ’ ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನೂ ಬೇಸರವಿಲ್ಲ. ಆದರೆ ೨೦೧೬ರ ಬೇಸಿಗೆಯಲ್ಲಿ ಆ ಸ್ಕೇಲು ನನ್ನಿಂದ ಮಾಡಿಸಿದ್ದನ್ನು ಇವತ್ತಿಗೂ ಮರೆತಿಲ್ಲ.

ನಮ್ಮ ಹಳೇ ಊರು ಗಲಗಲಿಯ ಕೆಳಗೆ ಹೊಳೆಯ ದಂಡೆಯ ಮೇಲಿತ್ತು. ನನಗೆ ಹದಿನಾಲ್ಕು ವರ್ಷವಿದ್ದಾಗ ಆಣೆಕಟ್ಟಿನ ಹಿನ್ನೀರು ಬಂದು ಮುಳುಗಿತು. ಬಿಡುವ ಮೊದಲು ಬಾಗಿಲು, ತೊಲೆ, ಹಂಚು ಎಲ್ಲ ಕಿತ್ತುಕೊಂಡೆವು. ಬೀರಪ್ಪ ದೇವರನ್ನು ಕಂಬಳಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದರು. ಸತ್ತವರನ್ನು ಬಿಟ್ಟು ಬರಬಾರದೆಂದು ಒಂದೊಂದು ಮನೆಯವರೂ ತಮ್ಮ ಹಿರಿಯರ ಗೋರಿಯಿಂದ ಒಂದು ಹಿಡಿ ಮಣ್ಣು ತಂದು ಹೊಸ ಊರಿನ ಮಸಣದಲ್ಲಿ ಹಾಕಿದರು.

೨೦೧೬ರಲ್ಲಿ, ಹಿಂದಿನ ಮಳೆಗಾಲ ಕೈಕೊಟ್ಟು, ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಹದಿನಾರು ವರ್ಷದ ಮೇಲೆ ಊರಿನ ಬುನಾದಿಗಳು ಬಿಸಿಲು ಕಂಡವು. ಬೀರಪ್ಪನ ಪೂಜಾರಿ ಮುದಕಪ್ಪ ನಮ್ಮ ಮನೆಗೇ ಬಂದ. ಅಮಾವಾಸ್ಯೆಯ ದಿನ ಎಲ್ಲರೂ ಹೋಗಿ ಮನೆ ಮನೆಯ ಜಾಗಕ್ಕೆ ಭಂಡಾರ ಹಾಕಿ ಬರುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಭಂಡಾರವೆಂದರೆ ನಮ್ಮ ದೇವರ ಅರಿಶಿನ. ಅದು ಬಿದ್ದ ಜಾಗ ದೇವರ ಕಣ್ಣಿಗೆ ಬಿದ್ದಂತೆ.

“ಹೂಳ ತುಂಬೇತಿ, ಯಾರ ಮನಿ ಎಲ್ಲಿ ಅಂತ ಗೊತ್ತಾಗೂದಿಲ್ಲ. ನೀ ಕಂಪ್ಯೂಟರಿನ್ಯಾಗ ಒಂದ ನಕ್ಷಿ ತಗದ ಕೊಡು ತಮ್ಮಾ,” ಎಂದ ಮುದಕಪ್ಪ. “ನಕ್ಷಿಯೊಳಗ ಏನೇನ ಗುರುತ ಐತಿ ಅದಕ್ಕೆಲ್ಲಾ ಭಂಡಾರ ಹಾಕೂನು. ಗುರುತ ಇಲ್ಲದ್ದ ಬಿಟ್ಟಬಿಡೂದು. ಇಲ್ಲಾಂದ್ರ ಹೊತ್ತ ಮುಣಗತೈತಿ.”

ಅವ್ವ ಚಹದ ಕಪ್ಪು ಹಿಡಿದು ಅಲ್ಲೇ ನಿಂತಿದ್ದಳು.

ನಾನು ಇಂಟರ್‌ನೆಟ್ಟಿನಲ್ಲೇ ತೆರೆಯುವ ಕಡತದೊಳಗೆ ನಕ್ಷೆ ಶುರು ಮಾಡಿದೆ. ಕಚೇರಿಯಲ್ಲಿ ಬರೆಯುವ ಪತ್ರಗಳಿಗೆ ಬಳಸುವುದೇ ಅದು. ಅದರೊಳಗೆ ಡ್ರಾಯಿಂಗ್ ಎಂದು ಒತ್ತಿದರೆ ಬಿಳಿ ಹಾಳೆ ಬರುತ್ತದೆ. ಗೆರೆ, ಚೌಕ, ವೃತ್ತ ಇಷ್ಟೇ ಸರಂಜಾಮು, ನನ್ನಂಥವನಿಗೆ ಅಷ್ಟು ಸಾಕು. ಮೇಲ್ಗಡೆ ಉದ್ದಕ್ಕೆ ನೀಲಿ ಬಣ್ಣದ ಹೊಳೆ, ಮನೆಗೊಂದು ಚೌಕ, ಚೌಕದೊಳಗೆ ಯಜಮಾನನ ಹೆಸರು. ಮುಧೋಳದಲ್ಲಿರುವ ನಿವೃತ್ತ ಮಾಸ್ತರ ಪರಮಾನಂದ ಕಾಕಾನಿಗೂ ಹುನ್ನೂರಿನ ಅತ್ತೆಯ ಮಗ ಯುವರಾಜನಿಗೂ ತಿದ್ದಲು ಅನುಮತಿ ಕೊಟ್ಟೆ. ಅವರು ಅಲ್ಲಿಂದಲೇ ಚೌಕಗಳನ್ನು ಸರಿಸುತ್ತಿದ್ದರು.

ನನ್ನ ಹೆಂಡತಿ ಭಾಗ್ಯಾ ಏಳು ತಿಂಗಳ ಬಸುರಿ, ತವರಿಗೆ ಬನಹಟ್ಟಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಸಂಜೆ ನಾನು ಕಂಪ್ಯೂಟರಿನ ಮುಂದೆ ಕೂತರೆ ಅವ್ವ ಹಿಂದೆ ಮಂಚದ ಮೇಲೆ ಶೇಂಗಾ ಸುಲಿಯುತ್ತ ಮಿಕಿಮಿಕಿ ನೋಡುವಳು. ಒಮ್ಮೆ ಅವಳ ಕೈಯನ್ನು ಮೌಸಿನ ಮೇಲಿಟ್ಟು, ಅದರ ಮೇಲೆ ನನ್ನ ಕೈಯಿಟ್ಟು ಊರ ಬಾವಿಯನ್ನು ಅವಳಿಂದಲೇ ಬರೆಸಿದೆ. ವೃತ್ತ ಮೂಡಿದಾಗ ಬೆರಳಿಂದ ಪರದೆ ಮುಟ್ಟಿ ನೋಡಿದಳು.

ಮರುವಾರ ನಮ್ಮ ಮನೆಯ ಚೌಕದ ಹಿಂದೆ, ಹಿತ್ತಲಿನಲ್ಲಿ, ಒಂದು ಸಣ್ಣ ವೃತ್ತ ಕಂಡಿತು. ಹೆಸರಿಲ್ಲ. ನಮ್ಮ ಹಿತ್ತಲಿನಲ್ಲಿ ಬಾವಿ ಇರಲಿಲ್ಲ. ಅಳಿಸಿದೆ. ಮರುದಿನ ಸಂಜೆ ಬಂದು ತೆರೆದರೆ ಅದೇ ಜಾಗದಲ್ಲಿ ಅದೇ ವೃತ್ತ. ಯುವರಾಜನ ಕಿಡಿಗೇಡಿತನವೆಂದು ಫೋನು ಮಾಡಿ ಬೈದೆ.

“ನಾ ಮುಟ್ಟೇ ಇಲ್ಲಪಾ,” ಎಂದ ಅವನು. ಕಾಕಾನೂ, “ನಿಮ್ಮ ಮನಿ ಕಡೆ ನಾ ಯಾಕ ಹೋಗ್ಲಿ?” ಎಂದು ನನಗೇ ತಿರುಗಿ ಬಿದ್ದ.

ಮತ್ತೆ ಅಳಿಸಿದೆ. ಮತ್ತೆ ಬಂತು. ಯಾರು ಯಾವಾಗ ಏನು ತಿದ್ದಿದರು ಎಂಬ ಪಟ್ಟಿಯನ್ನು ಆ ಕಡತವೇ ಇಟ್ಟುಕೊಂಡಿರುತ್ತದೆ. ಅದನ್ನು ತೆರೆದು ನೋಡಿದೆ. ವೃತ್ತ ಬರೆದವರ ಹೆಸರಿನ ಜಾಗದಲ್ಲಿ ಶಿವಪುತ್ರ ಎಂದಿತ್ತು. ಅಳಿಸಿದವನೂ ಶಿವಪುತ್ರ. ಬರೆದ ಹೊತ್ತು ಮಧ್ಯಾಹ್ನದ್ದು, ನಾನು ಕಚೇರಿಯಲ್ಲಿದ್ದ ಹೊತ್ತು.

ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪ ಗುರುಪಾದಪ್ಪ ತೀರಿ ಎರಡು ವರ್ಷವಾಗಿತ್ತು. ಕೊನೆಯ ದಿನಗಳಲ್ಲಿ ಮಾತು ನಿಂತ ಮೇಲೆ ಅವನು ಹೊದ್ದ ಕಂಬಳಿಯ ಮೇಲೆ ಬೆರಳಿಂದ ಗುಂಡಗೆ ಗೀಚುತ್ತಲೇ ಇದ್ದ. ಏನು ಬೇಕಪ್ಪಾ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಬೆರಳು ಈಗ ನನ್ನ ಕಡತದೊಳಗೆ ಬಂದು ಕೂತಿದೆ ಎನಿಸತೊಡಗಿತು. ಕಚೇರಿಯಲ್ಲಿ ಸೊನ್ನೆ ಬರೆಯುವಾಗಲೂ ಕೈ ತಡೆಯುತ್ತಿತ್ತು. ಅವ್ವನಿಗೆ ಹೇಳಿದರೆ ಅಂಜಿಯಾಳು ಎಂದು ಬಾಯಿ ಬಿಡಲಿಲ್ಲ.

ಇನ್ನೊಂದು ನೆನಪೂ ಅದೇ ದಿನಗಳಲ್ಲಿ ಬೆನ್ನು ಹತ್ತಿತು. ಅವ್ವ ನನ್ನ ಮೇಲೆ ಕೈ ಮಾಡಿದ್ದು ಜೀವಮಾನದಲ್ಲಿ ಒಂದೇ ಸಲ. ಆಗ ನಾನು ಸಣ್ಣವ, ಹಿತ್ತಲಿನ ದುಂಡನೆಯ ಚಪ್ಪಟೆ ಕಲ್ಲೊಂದರ ಮೇಲೆ ಕುಣಿಯುತ್ತಿದ್ದೆ. ಓಡಿ ಬಂದು ಬೆನ್ನಿಗೆ ಬಾರಿಸಿ, ಆಮೇಲೆ ತಾನೇ ಆ ಕಲ್ಲಿನ ಪಕ್ಕ ಕೂತು ಅತ್ತಳು. ಅಪ್ಪ ಹಿತ್ತಲಿನಲ್ಲಿ ಬೀಡಿ ಸೇದಲು ಕೂತರೆ ಯಾವಾಗಲೂ ಆ ಕಲ್ಲಿಗೆ ಬೆನ್ನು ಮಾಡಿಯೇ ಕೂಡುತ್ತಿದ್ದ. ಇದೆಲ್ಲ ನೆನಪಿದ್ದೂ ನಾನು ಒಂದಕ್ಕೊಂದು ಕೂಡಿಸಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ವೃತ್ತವನ್ನು ಕೊನೆಯ ಸಲ ಅಳಿಸಿದೆ. ನಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಮಧ್ಯಾಹ್ನ ಬ್ಯಾನರ್ ಅಂಗಡಿಯಲ್ಲಿ ಕೊಟ್ಟರೆ ದೊಡ್ಡದಾಗಿ ಮುದ್ರಿಸಿ ಕೊಡುತ್ತಾರೆ, ಇನ್ನು ಈ ಕಾಟ ತಪ್ಪಿತು ಎಂದುಕೊಂಡೆ. ಅಂಗಡಿಯ ಮುಂದೆ ನಿಂತು ಜೇಬು ತಡವಿದರೆ ಪೆನ್‌ಡ್ರೈವೇ ಇಲ್ಲ. ಬೈಕು ತಿರುಗಿಸಿ ಮನೆಗೆ ಬಂದೆ.

ಬಾಗಿಲು ತೆರೆದೇ ಇತ್ತು. ಅವ್ವ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ನಡುಗದಂತೆ, ಮೌಸನ್ನು ಮೆಲ್ಲಗೆ ಎಳೆಯುತ್ತಿದ್ದಳು. ಪರದೆಯ ಮೇಲೆ ನಮ್ಮ ಹಿತ್ತಲಿನಲ್ಲಿ ವೃತ್ತ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು.

“ಯವ್ವಾ,” ಎಂದೆ.

ಅವಳು ತಿರುಗಲಿಲ್ಲ. “ನೀ ಒತ್ತೂದ ನೋಡಿ ನೋಡಿ ಕಲತ್ನಿ. ದಿನಾ ಬರೀತೇನಿ, ದಿನಾ ಹೋಗತೈತಿ. ಮ್ಯಾಲ ನೀಲಿ ನೀರ ಬರದೀಯಲ್ಲ, ಇದರಾಗೂ ನೀರ ಬಂದ ಮುಣಗಸತೈತೇನೋ ಅಂದಕೊಂಡಿದ್ನಿ.”

ಅಳಿಸುತ್ತಿದ್ದವನು ನಾನೇ ಎಂದು ಹೇಳಲೇಬೇಕಾಯಿತು, ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಅದೇನ ಬೇ ಅದು?”

“ಕೂಸು,” ಎಂದಳು. “ನೀ ನಾಕ ವರ್ಷದಾಂವ ಇದ್ದಿ. ಹೆಣ್ಣಕೂಸು, ಒಂಬತ್ತ ದಿನ ಇತ್ತು. ತೊಟ್ಟಲದಾಗ ಹಾಕಿರಲಿಲ್ಲ, ಹೆಸರ ಇಟ್ಟಿರಲಿಲ್ಲ. ಹಲ್ಲ ಬರದ ಕೂಸನ್ನ ಮಸಣಕ್ಕ ಒಯ್ಯಾಂಗಿಲ್ಲ, ಹಿತ್ತಲದಾಗ ಇಡತಾರ. ಇಟ್ಟು ಮ್ಯಾಲ ಕಲ್ಲ ಹಾಕಿದ್ರು. ಊರ ಬಿಡೂವಾಗ ಎಲ್ಲಾರೂ ಮಸಣದ ಮಣ್ಣ ತಂದ್ರು. ನಾ ಹಿತ್ತಲಕ್ಕ ಹೋದ್ನಿ. ನಿಮ್ಮಪ್ಪ, ಹೆಸರಿಲ್ಲದ್ದನ್ನ ಏನಂತ ಕರದ ತರ್ತಿ, ಬಾ ಅಂತ ಕೈ ಹಿಡದ ಜಗ್ಗಿದ. ಬಂದ್ಬಿಟ್ನಿ.”

“ನನಗ ಹೇಳಬಾರದಿತ್ತೇನ?”

“ಭಾಗ್ಯಾ ಬಸರದಾಳ. ಬಸರಿ ಇದ್ದ ಮನ್ಯಾಗ ಸತ್ತ ಕೂಸಿನ ಮಾತ ಆಡಬಾರದೋ. ಬಾಯ್ಲೆ ಆಡಬಾರದು, ಕೈಲೆ ಬರದ್ರ ನಡದೀತು ಅಂದಕೊಂಡ್ನಿ. ಗುರುತ ಇದ್ದದ್ದಕ್ಕೆಲ್ಲಾ ಭಂಡಾರ ಹಾಕ್ತೇನಿ ಅಂದಾನಲ್ಲ ಮುದಕಪ್ಪ. ಅದಕ್ಕೊಂದ ಚಿಟಿಕಿ ಬಿದ್ರ ಸಾಕಿತ್ತು.”

ಒಂಬತ್ತು ದಿನದ ತಂಗಿಯನ್ನು ನಾನು ಎಷ್ಟು ಸಲ ಅಳಿಸಿದ್ದೆನೆಂದು ಆ ಪಟ್ಟಿಯಲ್ಲಿ ಲೆಕ್ಕವಿತ್ತು. ತೆರೆದು ನೋಡುವ ಧೈರ್ಯವಾಗಲಿಲ್ಲ. ವೃತ್ತ ಇದ್ದ ಹಾಗೆಯೇ ನಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಅದು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ನಾನು ತಿದ್ದಲಿಲ್ಲ.

ಮರುದಿನ ಮೂರು ಟ್ರ್ಯಾಕ್ಟರಿನಲ್ಲಿ ಊರಿಗೆ ಊರೇ ಇಳಿಯಿತು. ಬಿರಿದ ಹೂಳಿನ ನಡುವೆ ಬುನಾದಿ ಕಲ್ಲುಗಳು, ಕಾಲಿಟ್ಟಲ್ಲೆಲ್ಲ ಬಸವನಹುಳುವಿನ ಚಿಪ್ಪು. ಇಬ್ಬರು ಬ್ಯಾನರ್ ಹಿಡಿದು ಮುಂದೆ ನಡೆದರು. ಡೊಳ್ಳಿನ ಜೊತೆ ಮುದಕಪ್ಪ ಒಂದೊಂದು ಹೆಸರು ಓದಿಸಿ, ಆ ಮನೆಯ ಜಾಗಕ್ಕೆ ಭಂಡಾರ ಹಾಕುತ್ತ ಬಂದ. ನಮ್ಮ ಮನೆಯದೂ ಆಯಿತು. ನಾನು ಹಿಂಗೋಡೆಯ ಬುನಾದಿಯಿಂದ ಹೆಜ್ಜೆ ಎಣಿಸುತ್ತ ಹೋಗಿ ಕಾಲಿಂದ ಹೂಳು ಸರಿಸಿದೆ. ಅವ್ವ ಬರೆದ ಜಾಗ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕಲ್ಲು ಅಲ್ಲೇ ಇತ್ತು.

ಮುದಕಪ್ಪ ಬ್ಯಾನರಿನ ಮೇಲೆ ಬೆರಳಿಟ್ಟ. “ಇದ್ಯಾರದು ತಮ್ಮಾ? ಹೆಸರಿಲ್ಲಲಾ.”

ಡೊಳ್ಳು ನಿಂತಿತು. ಭಾಗ್ಯಾಳ ಅಪ್ಪ ಬನಹಟ್ಟಿಯಿಂದ ಬಂದು ಗುಂಪಿನಲ್ಲೇ ನಿಂತಿದ್ದ. ಅವ್ವ ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು.

“ನಮ್ಮ ತಂಗೀದರಿ,” ಎಂದೆ.

ಮುದಕಪ್ಪ ಏನೂ ಕೇಳದೆ ಎರಡೂ ಕೈ ತುಂಬ ಭಂಡಾರ ತೆಗೆದು ಕಲ್ಲಿನ ಮೇಲೆ ಸುರಿದ. ಅವ್ವ ಕೂತು, ಹಳದಿಯಾದ ಮಣ್ಣನ್ನು ಒಂದು ಹಿಡಿ ಎತ್ತಿ ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

ತಿರುಗಿ ಬರುವಾಗ ಟ್ರ್ಯಾಕ್ಟರಿನಲ್ಲಿ ಆ ಗಂಟನ್ನು ಎದೆಗೆ ಹಿಡಿದು ಕೂತಿದ್ದಳು. ರಸ್ತೆ ಬಂದ ಮೇಲೆ ನನ್ನ ತೋಳು ಮುಟ್ಟಿದಳು.

“ತಂಗಿ ಅಂದಿ ಅಲ್ಲೋ ನೀ.”

“ಹೌದ ಬೇ.”

“ಇಪ್ಪತ್ತಾರ ವರ್ಷ ಆತು, ಅದನ್ನ ಯಾರೂ ಏನೂ ಅಂದ ಕರದಿರಲಿಲ್ಲ. ಇನ್ನೊಮ್ಮಿ ಅನ್ನು.”

ಟ್ರ್ಯಾಕ್ಟರಿನ ಸದ್ದು ಜೋರಾಗಿತ್ತು. ನಾನು ಅವಳು ಹಿಡಿದಿದ್ದ ಗಂಟಿನವರೆಗೆ ಬಾಗಿ, ಇನ್ನೊಮ್ಮೆ ಅಂದೆ.