ಎಳೆ ಮುಗಿಯುವ ತನಕ ಏಳಬಾರದು

ಮುತ್ತು ಪೋಣಿಸುವ ಆ ಮನೆಯಲ್ಲಿ ಬೆಳಗಿನ ತಿಂಡಿಯಾದ ಮೇಲೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಯಾರೂ ಎಂದರೆ ಹೆಂಗಸರು. ಗಂಡಸರು ಬೇಕಾದಷ್ಟು ಕುಡಿದು, ಬೇಕೆನಿಸಿದಾಗ ಎದ್ದು ಹೋಗಿ ಬರುತ್ತಿದ್ದರು. ಅದು ಮಾತಾಡುವ ವಿಷಯವೇ ಆಗಿರಲಿಲ್ಲ.

ಒಳಕೋಣೆಯ ಕಿಟಕಿಗೆ ಎದುರಾಗಿ ಮೂವರು ಕೂರುತ್ತಿದ್ದರು: ಮನೆಯ ಯಜಮಾನಿ, ಅವಳ ಓರಗಿತ್ತಿ, ಮತ್ತೆ ಮದುವೆಯಾಗಿ ವರ್ಷ ತುಂಬದ ಸೊಸೆ. ಒಬ್ಬೊಬ್ಬರ ಸೊಂಟಕ್ಕೂ ಒಂದು ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಅದರ ಇನ್ನೊಂದು ಅಂಚನ್ನು ಎದುರಿನ ಗಿಡ್ಡ ಹಲಗೆಗೆ ಬಿಗಿದು, ಮಡಿಲ ಮೇಲೆ ತೊಟ್ಟಿಲಿನಂತೆ ಹರಡಿಕೊಳ್ಳುತ್ತಿದ್ದರು. ಒಡವೆ ಅಂಗಡಿಗಳವರು ಕೊಟ್ಟ ಮುತ್ತುಗಳನ್ನು ಯಜಮಾನರು ಬೆಳಿಗ್ಗೆ ಅದರೊಳಗೆ ಸುರಿಯುವರು. ಗಾತ್ರ ನೋಡಿ, ಬಣ್ಣ ನೋಡಿ, ಹೊಳಪು ನೋಡಿ ಸಾಲಾಗಿ ಜೋಡಿಸಬೇಕು. ಆಮೇಲೆ ರೇಷ್ಮೆ ದಾರಕ್ಕೆ ಪೋಣಿಸಿ, ಮುತ್ತು ಮುತ್ತಿನ ನಡುವೆ ಗಂಟು ಹಾಕಬೇಕು. ಮಧ್ಯದಲ್ಲಿ ಎದ್ದರೆ ಜೋಡಿಸಿದ್ದೆಲ್ಲ ಕಲೆತುಹೋಗುತ್ತದೆ. ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಎಳೆ ಮುಗಿಯುವ ತನಕ ಏಳಬಾರದು. ಒಂದು ಎಳೆ ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ಮುತ್ತು ಬಂದು ಬೀಳುತ್ತಿತ್ತು ಎನ್ನುವುದು ಬೇರೆ ಮಾತು.

ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಚ್ಚಲು ಇದ್ದದ್ದು ಹೊರಕೋಣೆಯ ಆಚೆ ಬದಿಗೆ. ಹೊರಕೋಣೆಯಲ್ಲಿ ದಿನವಿಡೀ ವ್ಯಾಪಾರಿಗಳು ಕಾಲು ಚಾಚಿ ಕೂತಿರುತ್ತಿದ್ದರು. ಹೆಂಗಸೊಬ್ಬಳು ಅವರ ಮುಂದೆ ಹಾದುಹೋದರೆ ಎಲ್ಲಿಗೆ ಹೋಗುತ್ತಿದ್ದಾಳೆಂದು ಅವರಿಗೆ ಗೊತ್ತಾಗುತ್ತದೆ! ಲೋಕದಲ್ಲಿ ಯಾರಿಗೂ ಇಲ್ಲದ ರೋಗ ಈ ಮನೆಯ ಹೆಂಗಸರಿಗೆ ಮಾತ್ರ ಅಂಟಿಕೊಂಡಿದೆ ಎನ್ನುವ ಹಾಗೆ ಅವರು ನಾಚುತ್ತಿದ್ದರು.

"ನಾನು ಕೂತೆ ಅಂದ್ರೆ ಕೂತೆ. ದೀಪ ಹಚ್ಚೋ ತನಕ ನನ್ನನ್ನ ಎಬ್ಬಿಸಿದೋರು ಯಾರೂ ಇಲ್ಲ," ಎಂದು ಯಜಮಾನಿ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅದು ಅವಳ ಹೆಮ್ಮೆ. ಹೆಮ್ಮೆಯ ಅಡಿಯಲ್ಲಿ ಏನಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ಬಚ್ಚಲಿಗೆ ಹೋದಾಗಲೆಲ್ಲ ಬೆಂಕಿ ಹಾಕಿದಂತೆ ಉರಿ. ಕೆಮ್ಮಿದರೆ, ನಕ್ಕರೆ, ತಡೆಯಲಾರದೆ ತೊಟ್ಟಿಕ್ಕುವುದು. ಒಳಗೆ ಹಳೆಬಟ್ಟೆ ಮಡಚಿ ಇಟ್ಟುಕೊಳ್ಳದೆ ಅವಳು ಮನೆ ಬಾಗಿಲು ದಾಟಿ ಎಷ್ಟೋ ವರ್ಷಗಳಾಗಿದ್ದವು. ತಂಗಿಯ ಮನೆಗೆ ಹೋಗುವುದನ್ನೂ ಮಂಡಿನೋವಿನ ನೆಪ ಹೇಳಿ ಬಿಟ್ಟಿದ್ದಳು. ಮಂಡಿ ಗಟ್ಟಿಯಾಗಿಯೇ ಇತ್ತು.

ಸೊಸೆ ಬಂದ ಹೊಸತರಲ್ಲಿ ಒಂದು ದಿನ ಸೊಂಟದ ಗಂಟಿಗೆ ಕೈ ಹಾಕಿದಳು. ಓರಗಿತ್ತಿ ಕಣ್ಣರಳಿಸಿದಳು. ಯಜಮಾನಿ ಕೇಳಿದಳು, "ಏನೇ ಅದು?"

"ಬಚ್ಚಲಿಗೆ ಅತ್ತೆ."

"ಎಳೆ?"

"ಸೊಂಟದ ಕಡೆ ಅಂಚು ಬಿಚ್ಚಿ ಇನ್ನೊಂದು ಹಲಗೆಗೆ ಸಿಕ್ಕಿಸಿದ್ರೆ ಒಂದು ಮುತ್ತೂ ಅಲ್ಲಾಡಲ್ಲ ಅತ್ತೆ. ಎರಡು ಮೊಳೆ ಹೊಡೆದ್ರೆ ಆಯ್ತು. ಎಷ್ಟು ಹೊತ್ತಿನ ಕೆಲಸ?"

ಯಜಮಾನಿ ಒಂದು ಕ್ಷಣ ಹಲಗೆಯ ಕಡೆ ನೋಡಿದಳು. ಹೌದಲ್ಲ ಎನ್ನಿಸಿತು. ಹೌದಲ್ಲ ಎನ್ನಿಸಿದ್ದಕ್ಕೇ ಸಿಟ್ಟು ಬಂತು. ಇಷ್ಟು ಸುಲಭವಾಗಿ ಆಗುವುದಾಗಿದ್ದರೆ ತಾನು ಇಷ್ಟು ವರ್ಷ ಉರಿ ನುಂಗಿಕೊಂಡು ಕೂತದ್ದು ಯಾವ ಭಾಗ್ಯಕ್ಕೆ?

"ನಮಗೆ ಬುದ್ಧಿ ಹೇಳೋಷ್ಟು ದೊಡ್ಡವಳಾದ್ಯಾ? ನಮ್ಮತ್ತೆ ಕೂತ್ರು, ನಾನು ಕೂತೆ, ನಿನ್ನ ಚಿಕ್ಕತ್ತೆ ಕೂತ್ಲು. ಹೊರಗಡೆ ಗಂಡಸ್ರು ಕೂತಿದ್ದಾರೆ. ಗಂಟು ಬಿಗಿ ಮಾಡ್ಕೋ. ನಾಳೆಯಿಂದ ನೀರು ಕಡಿಮೆ ಕುಡಿ, ಎಲ್ಲ ಅಭ್ಯಾಸ ಆಗುತ್ತೆ."

ಸೊಸೆ ಗಂಡನಿಗೆ ಹೇಳಿದಳು. ಅವನು ಮೊಬೈಲಿನಿಂದ ತಲೆ ಎತ್ತದೆ, "ಅದೆಲ್ಲ ಹೆಂಗಸ್ರ ವಿಷಯ, ಅಮ್ಮನ್ನ ಕೇಳು," ಎಂದ. ಕೇಳಿದ್ದಾಗಿತ್ತು. ಹಾಗಾಗಿ ಅಭ್ಯಾಸ ಆಯಿತು.

ಆ ಮನೆಯಲ್ಲಿ ಇನ್ನೂ ಒಂದು ಜೀವ ಇದೇ ಶಿಸ್ತಿನಲ್ಲಿ ಬೆಳೆದಿತ್ತು. ಅದು ಬೊಟ್ಟು, ಹಣೆಯ ಮೇಲೆ ಕಪ್ಪು ಚುಕ್ಕೆಯಿದ್ದ ಬಿಳಿ ಹೆಣ್ಣುನಾಯಿ. ಬೆಳಿಗ್ಗೆಯೂ ಸಂಜೆಯೂ ಯಜಮಾನರು ಅದನ್ನು ಬೀದಿಗೆ ಕರೆದೊಯ್ಯುವರು. ಉಳಿದ ಹೊತ್ತೆಲ್ಲ ಹೊರಕೋಣೆಯ ಹೊಸ್ತಿಲ ಬಳಿ ಕಾವಲು. ನೆಲ ಗಲೀಜು ಮಾಡಿದ್ದೇ ಇಲ್ಲ. "ನಮ್ಮನೆ ನಾಯಿನೂ ನಮ್ಮನೆ ಹೆಂಗಸ್ರ ಥರಾನೇ. ಕೂತ್ರೆ ಏಳಲ್ಲ!" ಎಂದು ಯಜಮಾನರು ವ್ಯಾಪಾರಿಗಳಿಗೆ ಹೇಳಿ ಗಹಗಹಿಸಿ ನಗುತ್ತಿದ್ದರು. ಒಳಗಿದ್ದ ಹೆಂಗಸರೂ ತುಟಿಯಂಚಿನಲ್ಲಿ ನಗುತ್ತಿದ್ದರು. ನಗು ಬರುವಂಥದ್ದು ಅದರಲ್ಲಿ ಏನಿತ್ತೋ!

ಒಂದು ಬೆಳಿಗ್ಗೆ ಬೊಟ್ಟು ಬೀದಿಯಲ್ಲಿ ಕುಕ್ಕರಿಸಿತು, ಎದ್ದಿತು, ಮತ್ತೆ ಕುಕ್ಕರಿಸಿತು. ಬಂದದ್ದು ನಾಲ್ಕು ಹನಿ, ಅದೂ ಕೆಂಪಗೆ. ಯಜಮಾನರ ಜೀವ ಬಾಯಿಗೆ ಬಂತು. ವ್ಯಾಪಾರ ಬದಿಗಿಟ್ಟು ಆಟೋ ಕರೆಸಿದರು. ನಾಯಿ ಹೆಂಡತಿಯ ಮಡಿಲಲ್ಲಿ ಸುಮ್ಮನೆ ಮಲಗುತ್ತದೆಂದು ಅವಳನ್ನೂ ಎಬ್ಬಿಸಿದರು. ಎಳೆ ಅರ್ಧಕ್ಕೇ ಉಳಿಯಿತು, ಯಾರೂ ಏನೂ ಅನ್ನಲಿಲ್ಲ.

ನಾಯಿಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಬೊಟ್ಟುವಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದಳು, ಎಕ್ಸ್‌ರೇ ತೆಗೆಸಿದಳು, ಅದನ್ನು ಬೆಳಕಿಗೆ ಹಿಡಿದಳು. ಮೂತ್ರಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು.

"ದಿನಕ್ಕೆ ಎಷ್ಟು ಸಲ ಹೊರಗೆ ಬಿಡ್ತೀರಿ?"

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ," ಎಂದರು ಯಜಮಾನರು ಎದೆಯುಬ್ಬಿಸಿ. "ತುಂಬಾ ಶಿಸ್ತು ಡಾಕ್ಟ್ರೇ. ತಡ್ಕೊಂಡು ಇರುತ್ತೆ."

"ಅದು ಶಿಸ್ತಲ್ಲ ಸಾರ್, ಹಿಂಸೆ. ಗಂಟೆಗಟ್ಟಲೆ ತಡ್ಕೊಂಡ್ರೆ ಒಳಗೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತೆ, ಕಲ್ಲೂ ಆಗಬಹುದು. ಅದು ಮೂಕಪ್ರಾಣಿ, ನೋವು ಅಂತ ಹೇಳಕ್ಕೆ ಬರಲ್ಲ. ಮುಂದಕ್ಕೆ ನೀರು ಚೆನ್ನಾಗಿ ಕುಡಿಸಿ, ಮೂರು ನಾಲ್ಕು ಗಂಟೆಗೊಂದು ಸಲ ಹೊರಗೆ ಬಿಡಿ."

ಯಜಮಾನರ ಕಣ್ಣಲ್ಲಿ ನೀರು ತುಂಬಿತು. ಸುಳ್ಳಲ್ಲ, ಅವರು ನಿಜಕ್ಕೂ ಮರುಗಿದರು. ಮದ್ದು ತರಲು ಅವರು ಹೊರಗೆ ಹೋದಾಗ ಯಜಮಾನಿ ನಾಯಿಯ ಬೆನ್ನು ಸವರುತ್ತಾ ಕೇಳಿದಳು, "ಮನುಷ್ಯರಿಗೂ ಹೀಗೇ ಆಗುತ್ತಾ ಡಾಕ್ಟ್ರಮ್ಮಾ?"

"ಆಗ್ದೇ ಏನಮ್ಮ? ಹೆಂಗಸರಿಗಂತೂ ಸೋಂಕು ಬೇಗ ತಗಲುತ್ತೆ. ಉರಿಮೂತ್ರ ಅಂತ ಸುಮ್ಮನಿದ್ರೆ ಕೆಲವು ಸಲ ಮೇಲಕ್ಕೆ ಹತ್ತಿ ಕಿಡ್ನಿಗೆ ಹೋಗುತ್ತೆ. ಚಳಿಜ್ವರ, ಪಕ್ಕೆನೋವು ಶುರುವಾದ್ರೆ ತಡ ಮಾಡಲೇಬಾರದು." ಡಾಕ್ಟರು ತಲೆ ಎತ್ತಿ ನೋಡಿದಳು. "ಯಾರಿಗಾದ್ರೂ ಇದೆಯಾ ಮನೇಲಿ?"

ನಾಲಿಗೆ ತುದಿಗೆ ಬಂದದ್ದನ್ನು ಯಜಮಾನಿ ನುಂಗಿಕೊಂಡಳು. "ಇಲ್ಲಮ್ಮ. ಸುಮ್ಮನೆ ಕೇಳಿದೆ."

ಆಪರೇಷನ್ ಆಗಿ ಬೊಟ್ಟು ಮನೆಗೆ ಬಂತು. ಯಜಮಾನರು ಹೊಸ ಬಟ್ಟಲು ತಂದು ಅದರ ಮುಂದೆ ನೀರಿಟ್ಟರು. ಕುಡಿಯದಿದ್ದರೆ ಮುದ್ದು ಮಾಡಿ ಕುಡಿಸುವರು. ಎಂಥ ವ್ಯಾಪಾರಿ ಎದುರಿಗಿದ್ದರೂ ಹೊತ್ತಿಗೆ ಸರಿಯಾಗಿ "ಬಾ ತಾಯಿ, ಒಂದಕ್ಕೆ ಹೋಗಿ ಬರೋಣ" ಎಂದು ಎದ್ದುಬಿಡುವರು. ವ್ಯಾಪಾರಿಗಳು ಅವರ ಕರುಣೆಯನ್ನು ಕೊಂಡಾಡಿದರು. ಗೋಡೆಯ ಈಚೆ ಮೂವರು ಹೆಂಗಸರು ತುಟಿ ಒಣಗಿಸಿಕೊಂಡು ಆ ಮಾತು ಕೇಳುತ್ತಾ ಗಂಟು ಹಾಕುತ್ತಿದ್ದರು.

ಸೊಸೆ ಆ ದಿನಗಳಲ್ಲಿ ಕೂತಲ್ಲೇ ಮಗ್ಗುಲು ಬದಲಿಸುತ್ತಿದ್ದಳು, ತುಟಿ ಕಚ್ಚುತ್ತಿದ್ದಳು. ಸಂಜೆ ಬಚ್ಚಲಿನಿಂದ ಬರುವಾಗ ಮುಖ ಬಿಳುಚಿಕೊಂಡಿರುತ್ತಿತ್ತು. ಯಜಮಾನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮುಖವನ್ನು ಅವಳು ಕನ್ನಡಿಯಲ್ಲಿ ನೋಡಿದ್ದಳು. ಓರಗಿತ್ತಿ "ಉಷ್ಣ ಆಗಿರಬೇಕು, ತಾನಾಗೇ ಹೋಗುತ್ತೆ" ಎಂದಾಗ ಯಜಮಾನಿ ಹೂಂಗುಟ್ಟಿದಳು. ಡಾಕ್ಟರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೂ ಹೂಂಗುಟ್ಟಿದಳು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಗ ನೆಂಟರ ಮುಂದೆ ಹೇಳಿಕೊಂಡ ಹೆಮ್ಮೆಯೆಲ್ಲ ಏನಾಗಬೇಕು?

ಮದುವೆ ಮನೆಯೊಂದರ ಏಳೆಳೆಯ ಹಾರ ಅವಸರದಲ್ಲಿ ಮುಗಿಯಬೇಕಿತ್ತು. ಆ ಬೆಳಿಗ್ಗೆ ಸೊಸೆ ಗಡಗಡ ನಡುಗುತ್ತಾ ಬಂದು ಕೂತಳು. "ಅತ್ತೆ, ಪಕ್ಕೆಯಲ್ಲಿ ಚಾಕು ಹಾಕಿದ ಹಾಗಾಗ್ತಿದೆ. ಇವತ್ತೊಂದು ದಿನ ಮಲಗ್ತೀನಿ."

ಯಜಮಾನಿ ಅವಳ ಹಣೆ ಮುಟ್ಟಿದಳು. ಕಾದ ಹಂಚು. ಹೊರಕೋಣೆಯಿಂದ ಯಜಮಾನರ ದನಿ ಕೇಳಿತು: "ಹಾರ ಎಲ್ಲಿಗೆ ಬಂತು? ಅವರು ಬಂದು ಕೂತಿದ್ದಾರೆ!"

"ಈ ಒಂದು ಎಳೆ ಮುಗಿಸಿಬಿಡು ಮಗಳೇ," ಎಂದಳು ಯಜಮಾನಿ. "ಸಂಜೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಸಂಜೆಯ ತನಕ ಕೂರಲು ಸೊಸೆಯಿಂದ ಆಗಲಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ಸೂಜಿ ಹಿಡಿದ ಹಾಗೇ ಪಕ್ಕಕ್ಕೆ ಒರಗಿದಳು. ಬಟ್ಟೆ ಹಲಗೆಯಿಂದ ಕಿತ್ತು ಬಂತು. ಮುತ್ತುಗಳು ಚೆಲ್ಲಾಪಿಲ್ಲಿಯಾಗಿ ಹೊಸ್ತಿಲು ದಾಟಿ ಉರುಳಿದವು.

"ತುಳೀಬೇಡಿ! ಯಾರೂ ತುಳೀಬೇಡಿ!" ಯಜಮಾನರು ಕೂಗುತ್ತಾ ಒಳಗೆ ನುಗ್ಗಿದರು. ಹಿಂದೆಯೇ ಇಬ್ಬರು ವ್ಯಾಪಾರಿಗಳು. ಮೂವರೂ ಮಂಡಿಯೂರಿ ನೆಲ ಸವರತೊಡಗಿದರು. ಓರಗಿತ್ತಿ ಕಪಾಟಿನ ಅಡಿಗೆ ಕೈ ಹಾಕಿದಳು. ಅವರೆಲ್ಲರ ನಡುವೆ ಸೊಸೆ ಕಣ್ಣು ಮೇಲೆ ಮಾಡಿಕೊಂಡು ಬಿದ್ದಿದ್ದಳು. ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಮುತ್ತನ್ನು ಕೂಡ ವ್ಯಾಪಾರಿಯೊಬ್ಬ ಹುಷಾರಾಗಿ ಬಿಡಿಸಿಕೊಂಡ. ಯಜಮಾನಿ ಇದನ್ನೆಲ್ಲ ನೋಡಿದಳು. ಆಮೇಲೆ ತನ್ನ ಮುಷ್ಟಿ ನೋಡಿಕೊಂಡಳು. ಅದರೊಳಗೂ ಮುತ್ತಿತ್ತು. ಸೊಸೆಗಿಂತ ಮೊದಲು ಅವಳ ಕೈಯೂ ಮುತ್ತಿನ ಕಡೆಗೇ ಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. "ಇನ್ನೊಂದು ದಿನ ಬಿಟ್ಟಿದ್ರೆ ಹುಡುಗಿ ಉಳೀತಿರಲಿಲ್ಲ. ಸೋಂಕು ಎರಡೂ ಕಿಡ್ನಿಗೆ ಹೋಗಿದೆ. ಎಡಗಡೆದು ಬಹಳ ಹಾಳಾಗಿದೆ, ಅದು ಮೊದಲಿನ ಹಾಗೆ ಆಗಲ್ಲ. ಇಷ್ಟು ದಿನ ಉರಿ, ನೋವು ಇದ್ದಿರಬೇಕಲ್ಲ, ಮನೇಲಿ ಯಾರಿಗೂ ಗೊತ್ತಾಗಲಿಲ್ವಾ?"

ಗಂಡ ತಾಯಿಯ ಮುಖ ನೋಡಿದ. ಯಜಮಾನರು ಚಾವಣಿ ನೋಡಿದರು.

ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಸೊಸೆ ಮಂಚದ ಮೇಲಿನಿಂದಲೇ ಕೇಳಿದಳು, "ಅತ್ತೆ, ನಿಮಗೂ ಹೀಗೇ ಉರೀತಿತ್ತಾ?"

ಯಜಮಾನಿ ತಲೆಯಾಡಿಸಿದಳು. "ಈಗಲೂ ಉರಿಯುತ್ತೆ."

"ಹಾಗಾದ್ರೆ ನನಗೇನಾಗಿದೆ ಅಂತ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಯಜಮಾನಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ಸೊಸೆ ಬೈಯಲಿಲ್ಲ, ಅಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಓದುವವರು ಇಲ್ಲಿಗೆ ಆ ಮನೆ ಬುದ್ಧಿ ಕಲಿಯಿತು ಎಂದುಕೊಂಡರೆ ಅದು ತಪ್ಪು. ಮನೆಗಳು ಅಷ್ಟು ಬೇಗ ಕಲಿಯುವುದಿಲ್ಲ. ಸೊಸೆ ಎದ್ದು ಓಡಾಡುವಂತಾದ ಮೇಲೆ ಯಜಮಾನರು, "ಹುಷಾರಾದಳಲ್ಲ, ಕೂತ್ಕೊಂಡು ಮಾಡೋ ಕೆಲಸ ತಾನೇ," ಎಂದರು. ಮಗ ಮೊಬೈಲಿನಲ್ಲಿ ಮುಳುಗಿದ್ದ. ಮೂರೂ ಬಟ್ಟೆಗಳು ಮತ್ತೆ ಬಿಗಿದವು, ಮುತ್ತು ಬಂದು ಬಿತ್ತು, ಹೊರಕೋಣೆ ತುಂಬಿತು. ಯಜಮಾನಿ ಸೊಸೆಯ ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟಳು. ಸೊಸೆ ಅದನ್ನು ನೋಡಿದಳು. ಬಾಗಿಲಾಚೆಯ ಗಂಡಸರ ಮಾತಿನ ಕಡೆಗೆ ಒಮ್ಮೆ ಕಿವಿಗೊಟ್ಟಳು. ಆಮೇಲೆ ಯಾರೂ ಹೇಳದೆಯೇ ಲೋಟವನ್ನು ದೂರ ಸರಿಸಿ ಸೂಜಿಗೆ ದಾರ ಏರಿಸಿದಳು.

ಸಾವಿನ ಬಾಗಿಲು ತಟ್ಟಿ ಬಂದವಳು! ಈ ಹುಡುಗಿಗೆ ಇದನ್ನು ಕಲಿಸಿದ್ದು ಯಾರು?

ಯಜಮಾನಿ ತನ್ನ ಸೊಂಟದ ಗಂಟು ಬಿಚ್ಚಿದಳು. ಬೆಳಗಿನಿಂದ ಜೋಡಿಸಿದ ಸಾಲುಗಳು ಒಂದರ ಮೇಲೊಂದು ಬಿದ್ದು ಕಲೆತುಹೋದವು. ಓರಗಿತ್ತಿ "ಅಯ್ಯೋ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನಿ ಎದ್ದು ಹೊರಕೋಣೆಗೆ ಬಂದಳು.

"ಏನಮ್ಮಾ, ಕೆಲಸ ಬಿಟ್ಟು ಎಲ್ಲಿಗೆ ಹೊರಟ್ರಿ?" ಎಂದು ವ್ಯಾಪಾರಿಯೊಬ್ಬ ಸಲುಗೆಯಿಂದ ಕೇಳಿದ.

"ಒಂದಕ್ಕೆ," ಎಂದಳು ಯಜಮಾನಿ.

ಯಜಮಾನರ ಮುಖ ಕೆಂಪೇರಿತು. "ಬುದ್ಧಿ ನೆಟ್ಟಗಿದೆಯೇನೇ ನಿನಗೆ? ನಾಲ್ಕು ಜನರ ಮುಂದೆ ಹೇಳೋ ಮಾತಾ ಅದು?"

"ಆ ನಾಲ್ಕು ಜನಾನೂ ಹೋಗ್ತಾರೆ. ನೀವೂ ಹೋಗ್ತೀರಿ. ನಾಯೀನ ನೀವೇ ಕೈಹಿಡಿದು ಕರ್ಕೊಂಡು ಹೋಗ್ತೀರಿ. ನಾವೇನು ಕಲ್ಲಿನ ಗೊಂಬೆಗಳಾ?" ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ನನಗೆ ವರ್ಷಾನುಗಟ್ಟಲೆಯಿಂದ ಉರಿಮೂತ್ರ ಇದೆ ರೀ. ನಾಚಿಕೆಗೆ ಮುಚ್ಚಿಟ್ಕೊಂಡೆ. ನಾನು ಮುಚ್ಚಿಟ್ಟಿದ್ದಕ್ಕೆ ಅವಳ ಕಿಡ್ನಿ ಹೋಯ್ತು."

"ಅದಕ್ಕೆ? ಜೋಡಿಸಿದ್ದನ್ನೆಲ್ಲ ಕಲಸಿ ಹಾಕಿ ಬರೋದಾ? ಇವತ್ತಿನ ಕೆಲಸ ಏನಾಗಬೇಕು?"

"ಕಲೆತ ಮುತ್ತನ್ನ ನಾಳೆ ಮತ್ತೆ ಜೋಡಿಸ್ತೀನಿ. ಅವಳ ಕಿಡ್ನಿ ಜೋಡಿಸಿ ಕೊಡ್ತೀರಾ ನೀವು?"

ಅವಳು ಅವರೆಲ್ಲರ ಮುಂದೆ ನಡೆದು ಹೋದಳು. ಬಚ್ಚಲಿನ ಚಿಲಕ ಬಿದ್ದ ಸದ್ದು ಪ್ರತಿಯೊಬ್ಬರಿಗೂ ಕೇಳಿಸಿತು. ಆಕಾಶ ಕಳಚಿ ಬೀಳಲಿಲ್ಲ. ವ್ಯಾಪಾರಿಗಳು ತಮ್ಮ ಕಾಲ್ಬೆರಳುಗಳನ್ನು ನೋಡುತ್ತಾ ಕೂತರು.

ಅವಳು ಕೈ ಒರೆಸಿಕೊಳ್ಳುತ್ತಾ ಒಳಕೋಣೆಗೆ ಮರಳಿದಾಗ ಸೊಸೆಯ ಲೋಟ ಖಾಲಿಯಾಗಿತ್ತು. ಅವಳು ಅತ್ತೆಯ ಮುಖ ನೋಡಲಿಲ್ಲ. ಅದಕ್ಕೆ ಇನ್ನೂ ಬಹಳ ದಿನ ಬೇಕಾಗಿತ್ತು. ಸೊಂಟದ ಗಂಟನ್ನು ಮಾತ್ರ ಬಿಚ್ಚುತ್ತಿದ್ದಳು.

ಅತ್ತ ಮೂಲೆಯಲ್ಲಿ, ತಲೆ ಪೂರ್ತಿ ನರೆತ ಓರಗಿತ್ತಿ ಶಾಲೆಯ ಹುಡುಗಿಯ ಹಾಗೆ ಬೆರಳೆತ್ತಿದಳು.

"ಅಕ್ಕಾ, ಇವಳು ಬಂದ ಮೇಲೆ ನಾನೂ ಒಂದ್ಸಲ ಹೋಗಿ ಬರ್ಲಾ?"

"ಕೇಳಬೇಡ ಕಣೇ," ಎಂದಳು ಯಜಮಾನಿ. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ನುಗ್ಗಿ ಬಂತು. "ಇನ್ಮೇಲೆ ಯಾರನ್ನೂ ಕೇಳಬೇಡ. ಎದ್ದು ಹೋಗು."