ಸಹನಾಳ ಎಡಗಿವಿ

ಅಂಕುಶ ಕಾಳಿ ನದಿಯಲ್ಲಿ ಪ್ರವಾಸಿಗರ ರಾಫ್ಟು ನಡೆಸುತ್ತಿದ್ದ. ಮನೆ ಅಂಬೇವಾಡಿಯಲ್ಲಿ. ಒಂದು ಭಾನುವಾರ, ಹೆಂಡತಿ ಲಕ್ಷ್ಮೀದೇವಿ ರೆಸಾರ್ಟಿನ ಅಡುಗೆ ಕೆಲಸಕ್ಕೆ ಹೋದ ಮೇಲೆ, ಒಂದೂವರೆ ವರ್ಷದ ಮಗಳು ಸಹನಾಳನ್ನು ಹೊಳೆದಂಡೆಗೆ ಎತ್ತಿಕೊಂಡು ಹೋದ. ಮಗುವಿಗೆ ನೆಗಡಿಯಾಗಿ ನಾಲ್ಕು ದಿನವಾಗಿತ್ತು. ದಂಡೆಯ ನೀರಿನಲ್ಲಿ ಆಡುತ್ತಿದ್ದ ಮಗು ಕಾಲು ಜಾರಿ ಒಮ್ಮೆ ಮುಳುಗೆದ್ದಿತು. ಅವನು ತಕ್ಷಣ ಎತ್ತಿಕೊಂಡ, ಮನೆಗೆ ಬಂದು ಬಟ್ಟೆ ಬದಲಿಸಿದ. ಹೆಂಡತಿಗೆ ಹೇಳಲಿಲ್ಲ.

ಮಂಗಳವಾರ ಮಗುವಿಗೆ ಜ್ವರ ಬಂತು. ಎಡಗಿವಿ ಜಗ್ಗಿಕೊಳ್ಳುತ್ತ ಒಂದೇ ಸಮನೆ ಅತ್ತಿತು. ಬುಧವಾರ ಬೆಳಿಗ್ಗೆ ಕಿವಿಯಿಂದ ಹಳದಿ ಕೀವು ಸೋರಿತು, ಅಳುವೂ ನಿಂತಿತು.

"ಅಳೂದು ನಿಂತೈತಲ್ಲ, ಆರಾಮ ಆಗೇತಿ" ಎಂದ ಅಂಕುಶ.

"ಕೀವು ಬಂದಮ್ಯಾಲ ಎಲ್ಲಿ ಆರಾಮ? ನನಗ ರಜಾ ಇಲ್ಲ, ನೀವು ದವಾಖಾನಿಗೆ ಕರಕೊಂಡು ಹೋಗ್ರಿ" ಎಂದಳು ಲಕ್ಷ್ಮೀದೇವಿ.

ಮಕ್ಕಳ ಡಾಕ್ಟರು ಉಮಾಶ್ರೀ ಸಣ್ಣ ದೀಪವಿದ್ದ ಉಪಕರಣ ಹಿಡಿದು ಕಿವಿಯೊಳಗೆ ನೋಡಿದರು. "ಕಿವಿ ಪರದೆ ಹಿಂದ ಕೀವು ತುಂಬಿ, ಸಣ್ಣ ತೂತು ಬಿದ್ದೈತಿ. ಒತ್ತಡ ಇಳಿದದ್ದಕ್ಕ ನೋವು ಕಡಿಮಿ ಆಗೇತಿ. ರೋಗ ಹೋಗಿಲ್ಲ."

ಅಂಕುಶನಿಗೆ ತಡೆದುಕೊಳ್ಳಲಾಗಲಿಲ್ಲ. "ತಪ್ಪು ನಂದೇರಿ ಮೇಡಂ. ಹೊಳಿ ನೀರಾಗ ಮುಳುಗಿಸಿಬಿಟ್ಟೆ."

"ಇದು ಹೊಳಿ ನೀರಿಂದ ಬಂದದ್ದಲ್ರಿ. ಪರದೆ ಗಟ್ಟಿ ಇದ್ದಾಗ ಹೊರಗಿನ ನೀರು ಒಳಗ ಹೋಗೂದಿಲ್ಲ. ಮೂಗಿನ ಹಿಂದಿಂದ ಕಿವಿಗೆ ಒಂದು ಸಣ್ಣ ನಳಿಗಿ ಐತಿ. ಕೂಸಿಗೆ ಅದು ಗಿಡ್ಡ ಇರ್ತೈತಿ, ಅಡ್ಡ ಇರ್ತೈತಿ. ನೆಗಡಿ ಆದಾಗ ಬ್ಯಾಕ್ಟೀರಿಯಾ ಅದರಾಗ ಹಾದು ಒಳಗ ಸೇರ್ತಾವು." ಆಮೇಲೆ ಕೇಳಿದರು, "ಬಾಟಲಿ ಹಾಲು ಹೆಂಗ ಕುಡಸ್ತೀರಿ?"

"ಮಲಗಿಸಿ ರೀ."

"ಮಲಗಿಸಿದ್ರ ಹಾಲೂ ಆ ನಳಿಗ್ಯಾಗ ಸೇರ್ತೈತಿ. ಇನ್ನ ಮ್ಯಾಲ ತೊಡಿ ಮ್ಯಾಲ ಕೂಡಿಸಿ ಕುಡಸ್ರಿ. ಕಿವಿಗೆ ನೀರು, ಎಣ್ಣಿ ಏನೂ ಬೀಳಬಾರದು."

ಅವರು ಹತ್ತಿಕಡ್ಡಿಯಲ್ಲಿ ಕೀವು ತೆಗೆದು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದರು, ಒಂದು ಸಿರಪ್ ಬರೆದುಕೊಟ್ಟರು. ಶನಿವಾರವಾದರೂ ಜ್ವರ ಇಳಿಯಲಿಲ್ಲ. ಅಂದೇ ವರದಿ ಬಂತು: ಕೀವಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುವಂಥದ್ದಲ್ಲ. ಡಾಕ್ಟರು ಔಷಧ ಬದಲಿಸಿ, ಆರಾಮಾದರೂ ಹತ್ತು ದಿನ ಬಿಡದೆ ಕೊಡಬೇಕೆಂದರು. ಸೋಮವಾರ ಮಗುವಿನ ಮೈ ತಣ್ಣಗಾಯಿತು. ಗಂಜಿ ಬೇಡಿ ಉಂಡಿತು.

ಆ ಸಂಜೆ ಅಂಕುಶ ಹೆಂಡತಿಗೆ ಹೊಳೆಯ ಸಂಗತಿ ಹೇಳಿದ. ಬೈಗುಳಕ್ಕೆ ಕಾಯುತ್ತಿದ್ದ.

"ಮಂಗಳವಾರ ನಾ ಬಳ್ಳೊಳ್ಳಿ ಎಣ್ಣಿ ಕಾಸಿ ಕೂಸಿನ ಕಿವಿಗೆ ಹಾಕಿದ್ನಿ" ಎಂದಳು ಅವಳು. "ಅದರ ಬಿಸಿಗೇ ಪರದೆ ಒಡೀತು ಅಂತ ಒಂದು ವಾರ ಗಂಟಲಾಗ ತುತ್ತು ಇಳಿದಿಲ್ಲ ನನಗ."

"ನನಗ ಯಾಕ ಹೇಳಲಿಲ್ಲ?"

"ನೀವು ಹೇಳಿದ್ರೇನು?"

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಲಕ್ಷ್ಮೀದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನವೇ ಅವಳು ಡಾಕ್ಟರ ಹತ್ತಿರ ಹೋಗಿ ಎಣ್ಣೆಯ ವಿಷಯ ತಾನೇ ಹೇಳಿದಳು. ಪರದೆ ಒಡೆದದ್ದು ಒಳಗಿನ ಕೀವಿನಿಂದ, ಎಣ್ಣೆಯಿಂದಲ್ಲ ಎಂದರು ಅವರು. ಮತ್ತೆಂದೂ ಹಾಕಬಾರದೆಂದೂ ಹೇಳಿ ಕಳಿಸಿದರು.

ತಿಂಗಳ ನಂತರ ನೋಡಿದಾಗ ತೂತು ಮುಚ್ಚಿತ್ತು. ಡಾಕ್ಟರು ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕೀಲಿಕೈ ಗೊಂಚಲು ಅಲ್ಲಾಡಿಸಿದರು. ಸಹನಾ ತಿರುಗಿ, ಅದು ತನಗೇ ಬೇಕೆಂದು ಕೈ ಚಾಚಿದಳು.